ಒಂದೇ ಕಥೆ, ನಾಲ್ಕು ಸಲ

ಪ್ರಶ್ನೆ: ಅಮೆರಿಕದಲ್ಲಿ ಮಾರ್ಮನ್ ಅನ್ನುವ ಕ್ರೈಸ್ತ ಪಂಥ ಕಟ್ಟಿದ ಜೋಸೆಫ್ ಸ್ಮಿತ್ ತನಗಾದ ದೇವರ ದರ್ಶನವನ್ನು ಒಂದೊಂದು ಸಲ ಒಂದೊಂದು ಥರ ಹೇಳಿದ್ದಾನೆ. ಸುಳ್ಳುಗಾರ ಅಂತಾಯ್ತಲ್ವಾ? ಜೀವನಚರಿತ್ರೆಯಲ್ಲಿ ಹಾಗೇ ಬರೆಯಬಹುದಾ?

ಇದೇ ಪ್ರಶ್ನೆ ಎಷ್ಟು ಸಲ ಬರುತ್ತೋ! ಮೊದಲು ನಾಲ್ಕೂ ಕಥೆ ಓದಿದ್ದೀರಾ? 1832, 1835, 1838, 1842. ಇಸವಿ ಪ್ರಕಾರ ಪಕ್ಕಪಕ್ಕ ಇಟ್ಟು ನೋಡಿ. ದರ್ಶನ ಆಗಿದ್ದು 1820ರ ಸುಮಾರಿಗೆ ಅನ್ನುತ್ತಾರೆ. ಅಂದರೆ ನಮಗೆ ಸಿಕ್ಕಿರುವ ಮೊದಲ ಬರಹವೇ ಹನ್ನೆರಡು ವರ್ಷ ತಡ.

1832ರದ್ದರಲ್ಲಿ ಒಂದಷ್ಟು ಭಾಗ ಸ್ಮಿತ್‌ನ ಕೈಬರಹದಲ್ಲೇ ಇದೆ. ಅಲ್ಲಿ ಕಾಣಿಸುವುದು ಪ್ರಭು ಯೇಸು. ಹುಡುಗನಿಗೆ ಬೇಕಿದ್ದದ್ದು ತನ್ನ ಪಾಪಕ್ಕೆ ಕ್ಷಮೆ. 1838ರದ್ದರಲ್ಲಿ ದೇವರು, ಅವನ ಮಗ ಅಂತ ಇಬ್ಬರು ಬರುತ್ತಾರೆ, ಯಾವ ಪಂಗಡ ಸರಿ ಅನ್ನುವುದೇ ದೊಡ್ಡ ಮಾತಾಗುತ್ತದೆ. ಯಾಕೆ? ಅದು ಶುರುವಾಗುವುದೇ ಕೇಡಿಗರು ಹಬ್ಬಿಸಿದ ಸುದ್ದಿಗೆ ಜವಾಬು ಅಂತ. ಅದೇ ವರ್ಷ ಸ್ಮಿತ್ ಓಹಾಯೋದಿಂದ ಓಡಿ ಮಿಸೌರಿಗೆ ಬಂದಿದ್ದ. ಹಾಗಾಗಿ 1838ರ ಬರಹ 1820ಕ್ಕಿಂತ ಜಾಸ್ತಿ 1838ರ ಬಗ್ಗೆ ಹೇಳುತ್ತದೆ. ನೀವು ಬರೆಯಬೇಕಾದದ್ದು ಅದನ್ನು.

ಭಕ್ತರು ಖುಷಿಪಡಬೇಕಿಲ್ಲ. ಮಾರ್ಮನ್ ಚರ್ಚಿನ ಬಳಿಯಿದ್ದ ಪುಸ್ತಕದಿಂದ 1832ರ ಹಾಳೆಗಳನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಅಚ್ಚಾಗಿ ಜನರ ಕೈಗೆ ಬಂದದ್ದು 1965ರಲ್ಲಿ. ವಿರೋಧಿಗಳೂ ಅಷ್ಟೇ. ಸ್ಮಿತ್ ವಿರುದ್ಧ 1834ರಲ್ಲಿ ಅಚ್ಚಾದ ನೆರೆಹೊರೆಯವರ ಹೇಳಿಕೆಗಳನ್ನು ಕೂಡಿಸಿದವನು ಪಂಥದಿಂದ ಹೊರಬಿದ್ದವನು. ಹಾಗಂತ ಎಸೆಯಬೇಡಿ. ಸ್ಮಿತ್ ಕಲ್ಲು ನೋಡಿ ನಿಧಿ ಹುಡುಕುತ್ತಿದ್ದ ಅನ್ನುವ ಮಾತು 1826ರ ಕೋರ್ಟಿನ ವಿಚಾರಣೆಯಲ್ಲೂ ಬರುತ್ತದೆ. ಸ್ಮಿತ್ ಬಳಿಯಿದ್ದ ಅಂಥ ಮೊಟ್ಟೆಯಾಕಾರದ ಒಂದು ಕಂದು ಕಲ್ಲಿನ ಫೋಟೋವನ್ನು 2015ರಲ್ಲಿ ಚರ್ಚೇ ಹೊರಗೆ ಬಿಟ್ಟಿತು.

ಪ್ರಶ್ನೆ: ಸ್ಮಿತ್‌ಗೆ ಎಷ್ಟು ಜನ ಹೆಂಡತಿಯರು?

30ರಿಂದ 40 ಅಂತ 2014ರಲ್ಲಿ ಚರ್ಚೇ ಬರೆದುಕೊಂಡಿದೆ. ಮುಂದಿನದು.

ಪ್ರಶ್ನೆ: ಕೈಬರಹ ನೋಡಿ ಗುಣ ಹೇಳುವವರ ಹತ್ತಿರ ಸ್ಮಿತ್‌ನ ಪತ್ರ ತೋರಿಸಲಾ?

ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಯಾರೂ ನೋಡಿರದ ಹಳೇ ಪತ್ರ ಮಾರಾಟಕ್ಕಿದೆ. ನನ್ನ ವಾದಕ್ಕೆ ಸರಿಯಾಗಿ ಹೊಂದುತ್ತದೆ. ಕೊಳ್ಳಲಾ?

ಹೊಂದುತ್ತದೆ ಅನ್ನುವುದೇ ನನಗೆ ಭಯ. ಮಾರ್ಕ್ ಹಾಫ್‌ಮನ್ ಅನ್ನುವವನು ಇಂಥ ಪತ್ರಗಳನ್ನೇ ನಕಲಿ ಮಾಡಿ ಮಾರಿದ. ತಜ್ಞರೂ ಅಸಲಿ ಅಂದರು, ಚರ್ಚೂ ಕೊಂಡಿತು. ಬಣ್ಣ ಬಯಲಾಗುವ ಹೊತ್ತಿಗೆ, 1985ರ ಅಕ್ಟೋಬರ್‌ನಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ ಬಾಂಬ್ ಇಟ್ಟು ಇಬ್ಬರನ್ನು ಕೊಂದ. ಆಮೇಲೆ ಪತ್ರಗಳನ್ನು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಶಾಯಿ ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟಿತ್ತು. ಆ ಪತ್ರ ನಿಮಗಿಂತ ಮೊದಲು ಯಾರ ಮನೆಯಲ್ಲಿತ್ತು, ಅದಕ್ಕೂ ಮೊದಲು ಯಾರ ಹತ್ತಿರವಿತ್ತು ಅಂತ ಮಾರುವವರನ್ನು ಕೇಳಿ. ತಡವರಿಸಿದರೆ ಎದ್ದು ಬನ್ನಿ.