40ರ ವಯಲ್‌ಗೆ 100ರ ಸಿರಿಂಜ್ ಸಿಕ್ಕರೆ? ನರ್ಸ್‌ಗಳ ಪ್ರಶ್ನೆ, ಔಷಧ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ದಿನಾ ಕೈಯಾಡುವ ಔಷಧಗಳ ಬಗ್ಗೆಯೇ ಇವೆ. ಹೆಸರು ಗೊತ್ತು, ಡೋಸೂ ಗೊತ್ತು. ಎಡವುವುದು ಕೈಯಲ್ಲಿರುವ ಬಾಟಲಿಯ ಒಂದು ಎಂಎಲ್‌ನಲ್ಲಿ ಎಷ್ಟು ಔಷಧವಿದೆ ಎಂಬಲ್ಲಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ 40ರ, ಅಂದರೆ ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ ವಯಲ್ ಇರುತ್ತದೆ. ರೋಗಿಯ ಕಡೆಯವರು ಹೊರಗಿನಿಂದ ತರುವ ಸಿರಿಂಜ್ ಕೆಲವೊಮ್ಮೆ 100ರದ್ದು, ಅಂದರೆ ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ಗೆ ಗೆರೆ ಹಾಕಿದ್ದು. ಇನ್ನು ಕೆಲವರು ಪೆನ್ನಿನ ಕಾರ್ಟ್ರಿಜ್ ತಂದು ಕೊಟ್ಟು ಇದರಲ್ಲೇ ಎಳೆದು ಕೊಡಿ ಅನ್ನುತ್ತಾರೆ. ಲೆಕ್ಕ ಹಾಕಿಕೊಂಡು ಕೊಟ್ಟರೆ ಆಗದೇ?
— ಸ್ಟಾಫ್ ನರ್ಸ್, ಹಾಸನ ಜಿಲ್ಲೆ

ಲೆಕ್ಕ ತಪ್ಪಲ್ಲ. ಆದರೆ ರಾತ್ರಿ ಪಾಳಿಯಲ್ಲಿ, ಇಪ್ಪತ್ತು ಮೂವತ್ತು ರೋಗಿಗಳ ನಡುವೆ ಆ ಲೆಕ್ಕ ಹಾಕಬೇಕಾಗಿ ಬರುವುದೇ ತಪ್ಪು. 20 ಯೂನಿಟ್ ಕೊಡಬೇಕು ಎಂದಿಟ್ಟುಕೊಳ್ಳಿ. 40ರ ವಯಲ್‌ನಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಎಂಎಲ್, ಅಂದರೆ ಬರೀ 8 ಯೂನಿಟ್. ಶುಗರ್ ಇಳಿಯುವುದಿಲ್ಲ, ಮಾರನೇ ದಿನ ರೌಂಡ್ಸ್‌ನಲ್ಲಿ ಡೋಸ್ ಏರಿಸುತ್ತಾರೆ, ಮನೆಗೆ ಹೋದ ಮೇಲೆ ಸರಿಯಾದ ಸಿರಿಂಜಿನಲ್ಲಿ ಆ ಏರಿಸಿದ ಡೋಸ್ ಚುಚ್ಚಿಕೊಂಡು ರೋಗಿ ಕುಸಿದು ಬೀಳುತ್ತಾರೆ. ಉಲ್ಟಾ ಆದರೆ ಅಷ್ಟು ಹೊತ್ತೂ ಬೇಕಿಲ್ಲ. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಇರುವುದು ಸಾಮಾನ್ಯವಾಗಿ ಎಂಎಲ್‌ಗೆ 100 ಯೂನಿಟ್. ಅದನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 0.5 ಎಂಎಲ್, ಅಂದರೆ 50 ಯೂನಿಟ್! ಹೇಳಿದ್ದಕ್ಕಿಂತ ಎರಡೂವರೆ ಪಟ್ಟು.

ಆದ್ದರಿಂದ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವುದು ಬೇಡವೇ ಬೇಡ, ಅದು ಪೆನ್ನಿಗೇ ಇರಲಿ. ಸಿರಿಂಜಿನ ಕ್ಯಾಪ್ ಕೆಂಪಾಗಿದ್ದರೆ 40, ಕಿತ್ತಳೆಯಾಗಿದ್ದರೆ 100. ಬಣ್ಣ ಬೇಗ ಕಣ್ಣಿಗೆ ಬೀಳುತ್ತದೆ ನಿಜ, ಆದರೂ ಮೈಮೇಲಿನ ಅಂಕಿ ಓದಿ, ಅದನ್ನು ವಯಲ್ ಪಕ್ಕ ಹಿಡಿದು ನೋಡಿ. ಹೊಂದದಿದ್ದರೆ ಸರಿಯಾದ ಸಿರಿಂಜ್ ತರಿಸಿ. ಸ್ಟೋರ್‌ನಲ್ಲಿ ಇಲ್ಲವೆಂದರೆ ಇಂಚಾರ್ಜ್ ಸಿಸ್ಟರ್ ಹತ್ತಿರ ಇಂಡೆಂಟ್ ಬರೆಸಿ. ಕೆಲವು ರೂಪಾಯಿಯ ವಸ್ತುವಿಗಾಗಿ ಇಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳುವುದು ನನಗಂತೂ ಅರ್ಥವಾಗದ ಸಂಗತಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇನ್ಸುಲಿನ್ ಚುಚ್ಚುವ ಮೊದಲು ಊಟ ಎಲ್ಲಿದೆ ನೋಡಿ. ಸಾದಾ ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ. ಬೇಗ ಕೆಲಸ ಮಾಡುವ ಲಿಸ್‌ಪ್ರೊ, ಆಸ್ಪಾರ್ಟ್ ತರಹದವು ತಟ್ಟೆ ಮುಂದೆ ಬಂದಾಗ. ಸ್ಕ್ಯಾನಿಂಗ್‌ಗೆಂದು ಉಪವಾಸ ಇಟ್ಟ ರೋಗಿಗೆ ಚಾರ್ಟ್‌ನಲ್ಲಿ ಇದೆ ಅಂತ ಚುಚ್ಚಬೇಡಿ, ನೀವಾಗಿಯೇ ನಿಲ್ಲಿಸಲೂಬೇಡಿ. ಟೈಪ್ 1 ರೋಗಿಗೆ ಉಪವಾಸದಲ್ಲೂ ದೀರ್ಘಾವಧಿಯ ಇನ್ಸುಲಿನ್ ಬೇಕು. ಡಾಕ್ಟರನ್ನು ಕೇಳಿ. ಶುಗರ್ 70ಕ್ಕಿಂತ ಕೆಳಗಿದ್ದು ರೋಗಿ ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಆಗ ಬೇಕಾದದ್ದು ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್, ಜೊತೆಗೆ ಡಾಕ್ಟರ್.

ಪ್ರಶ್ನೆ: ‘ಕೆಸಿಎಲ್ ಒಂದು ಆಂಪ್ ಹಾಕಿ’ ಎಂದು ಆರ್ಡರ್ ಇತ್ತು. ಡ್ರಿಪ್ ಆಗಲೇ ಓಡುತ್ತಿತ್ತು, ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಸೀನಿಯರ್ ಒಬ್ಬರು ಅದಕ್ಕೇ ಹಾಕು ಎಂದರು, ನಾನು ಹಿಂಜರಿದೆ. ನನ್ನದು ಅತಿಯಾಯಿತೇ?
— ಹೊಸದಾಗಿ ಡ್ಯೂಟಿಗೆ ಸೇರಿದವರು, ದಾವಣಗೆರೆ

ಅತಿಯಾಗಲಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಎಂಎಲ್ ಆಂಪೂಲ್‌ನಲ್ಲಿ 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್ (ಕೆಸಿಎಲ್), ಅಂದರೆ ಪೊಟ್ಯಾಶಿಯಂ ಅಳೆಯುವ ಮಾನದಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. 500 ಎಂಎಲ್ ಸಲೈನ್‌ಗೆ ಹಾಕಿದರೆ ಲೀಟರ್‌ಗೆ 40 ಆಗುತ್ತದೆ. ಕೈಯ ನರಕ್ಕೆ ಸಾಮಾನ್ಯವಾಗಿ ಒಪ್ಪುವ ಗರಿಷ್ಠ ಮಟ್ಟ ಅದೇ. ಉಳಿದ 250 ಎಂಎಲ್‌ಗೆ ಹಾಕಿದ್ದರೆ ಲೀಟರ್‌ಗೆ 80. ಸಾಲದ್ದಕ್ಕೆ, ನೇತಾಡುತ್ತಿರುವ ಬಾಟಲಿಗೆ ಸೂಜಿ ಚುಚ್ಚಿ ಹಾಕಿದ ಕೆಸಿಎಲ್ ನೀರಿಗಿಂತ ಭಾರವಾಗಿರುವುದರಿಂದ ತಳಕ್ಕೆ ಇಳಿದು ಕೂರುತ್ತದೆ. ಮೊದಲು ರೋಗಿಯ ಮೈಗೆ ಹೋಗುವುದು ಅದೇ ಗಟ್ಟಿ ದ್ರಾವಣ. ಹೊಸ ಬಾಟಲಿ ತೆಗೆದುಕೊಳ್ಳಿ, ಕೆಳಗಿಟ್ಟುಕೊಂಡೇ ಬೆರೆಸಿ, ಹತ್ತು ಸಲವಾದರೂ ತಲೆಕೆಳಗು ಮಾಡಿ, ಲೇಬಲ್ ಬರೆದು ಅಂಟಿಸಿ, ಆಮೇಲೆ ನೇತು ಹಾಕಿ. ವೇಗ ಗಂಟೆಗೆ 10 ಮಿಲಿಈಕ್ವಿವಲೆಂಟ್ ದಾಟಬಾರದು; ದಾಟಬೇಕೆಂದರೆ ರೋಗಿ ಇಸಿಜಿ ಮಾನಿಟರ್ ಮೇಲೆ ಇರಬೇಕು. ಅಂದರೆ ಆ ಬಾಟಲಿ ಎರಡು ಗಂಟೆಗೆ ಮೊದಲು ಮುಗಿಯಬಾರದು. ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಶುರುಮಾಡುವ ಮುನ್ನವೇ ನೋಡಿ. ಕೈ ಉರಿಯುತ್ತದೆ ಎಂದು ರೋಗಿ ಹೇಳಿದರೆ ನಾಟಕ ಎಂದುಕೊಳ್ಳದೆ ವೇಗ ಇಳಿಸಿ, ಕ್ಯಾನುಲಾ ನೋಡಿ.

ನೇರವಾಗಿ ಸಿರಿಂಜಿನಿಂದ ನರಕ್ಕೆ ತಳ್ಳಿದರೆ ಹೃದಯ ನಿಂತುಬಿಡುತ್ತದೆ. ಡಿಸ್ಟಿಲ್ಡ್ ವಾಟರ್ ಆಂಪೂಲ್ ಎಂದುಕೊಂಡು ಇದನ್ನು ಒಡೆಯುವುದು ಜಗತ್ತಿನ ಎಲ್ಲ ಕಡೆ ನಡೆದಿರುವ ಅನಾಹುತ. ಕೆಸಿಎಲ್ ಟ್ರಾಲಿ ಮೇಲೆ ಇರಲೇಬಾರದು, ಬೇರೆಯೇ ಬೀರುವಿನಲ್ಲಿ ಬೀಗದಲ್ಲಿರಬೇಕು.

ಆರ್ಡರ್ ಬಗ್ಗೆಯೂ ಒಂದು ಮಾತು. ‘ಒಂದು ಆಂಪ್’ ಎಂಬುದು ಪೂರ್ತಿ ಆರ್ಡರ್ ಅಲ್ಲ. ಯಾವ ಫ್ಲೂಯಿಡ್‌ನಲ್ಲಿ, ಎಷ್ಟು ಎಂಎಲ್‌ನಲ್ಲಿ, ಎಷ್ಟು ಗಂಟೆಯಲ್ಲಿ? ಮೂರನ್ನೂ ಬರೆಸಿಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳುವ ಹೋಮ್ ನರ್ಸ್ ನಾನು. ಮೂಗಿನಿಂದ ಹೊಟ್ಟೆಗೆ ಹಾಕಿದ ರೈಲ್ಸ್ ಟ್ಯೂಬ್ ಇದೆ. ಎಲ್ಲ ಮಾತ್ರೆ ಒಟ್ಟಿಗೆ ಕುಟ್ಟಿ ರಾಗಿ ಗಂಜಿಯಲ್ಲಿ ಬೆರೆಸಿ ಹಾಕುತ್ತೇನೆ. ಟ್ಯೂಬ್ ಪದೇ ಪದೇ ಕಟ್ಟಿಕೊಳ್ಳುತ್ತದೆ.
— ಮೈಸೂರು

ಟ್ಯೂಬ್ ಕಟ್ಟುವುದು ಇದರಲ್ಲಿ ಸಣ್ಣ ತೊಂದರೆ. ಆಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಯ ಮೇಲಿನ ಕೋಟಿಂಗ್ ಇರುವುದು ಹೊಟ್ಟೆಯ ಆಮ್ಲದಿಂದ ಅದನ್ನು ಕಾಯಲು. ಕುಟ್ಟಿದರೆ ಕೊಟ್ಟೂ ಕೊಡದಂತೆ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್, ರಿಟಾರ್ಡ್ ಎಂದಿರುವ ಮಾತ್ರೆ ದಿನವಿಡೀ ನಿಧಾನವಾಗಿ ಬಿಡುಗಡೆಯಾಗಬೇಕಾದದ್ದು. ಪುಡಿ ಮಾಡಿದರೆ ದಿನದ ಡೋಸ್ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಬಿಪಿ ಮಾತ್ರೆಯಾಗಿದ್ದರೆ ಅಜ್ಜಿಗೆ ಬಿಪಿ ದಡಕ್ಕನೆ ಇಳಿಯಬಹುದು. ಎಲ್ಲ ಮಾತ್ರೆಗಳ ಸ್ಟ್ರಿಪ್ ಫೋಟೊ ತೆಗೆದು ಡಾಕ್ಟರಿಗೋ ಫಾರ್ಮಸಿಸ್ಟ್‌ಗೋ ತೋರಿಸಿ. ಸಿರಪ್, ನೀರಲ್ಲಿ ಕರಗುವ ಮಾತ್ರೆ, ಸಾದಾ ಮಾತ್ರೆ, ಏನಾದರೊಂದು ಬದಲಿ ಬಹುತೇಕ ಸಿಗುತ್ತದೆ.

ಗಂಜಿಯಲ್ಲಿ ಬೆರೆಸುವುದು ನಿಲ್ಲಿಸಿ. ಒಂದೊಂದು ಮಾತ್ರೆಯನ್ನೂ ಬೇರೆ ಬೇರೆ ನೀರಲ್ಲಿ ಕದಡಿ ಹಾಕಿ. ಮೊದಲು, ನಡುವೆ, ಕೊನೆಗೆ ಬರೀ ನೀರು ಬಿಡಿ. ಥೈರಾಯ್ಡ್ ಮಾತ್ರೆ ಬೆಳಗಿನ ಮೊದಲ ಫೀಡ್‌ಗೆ ಮುಂಚೆಯೇ ಆಗಬೇಕು. ಫಿಟ್ಸ್‌ಗೆ ಫೆನಿಟಾಯಿನ್ ಇದ್ದರೆ ಗಂಜಿಯ ಜೊತೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎಷ್ಟು ಹೊತ್ತು ಅಂತರ ಬಿಡಬೇಕೆಂದು ಡಾಕ್ಟರರಿಂದ ಬರೆಸಿಕೊಳ್ಳಿ.

ಪ್ರಶ್ನೆ: ಜ್ವರ ಬಂದ ಮಗುವಿಗೆ ಪ್ಯಾರಸಿಟಮಾಲ್ ಎಷ್ಟು ಎಂಎಲ್ ಎಂದು ತಾಯಂದಿರು ಕೇಳುತ್ತಾರೆ. ಸುಲಭದ ಲೆಕ್ಕ ಇದೆಯೇ?
— ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ರಾಯಚೂರು ಜಿಲ್ಲೆ

ಬಾಟಲಿ ನೋಡದೆ ಎಂಎಲ್ ಹೇಳಬೇಡಿ. ಕೆಜಿಗೆ 15 ಮಿಗ್ರಾಂನಂತೆ 10 ಕೆಜಿ ಮಗುವಿಗೆ 150 ಮಿಗ್ರಾಂ. 5 ಎಂಎಲ್‌ಗೆ 125 ಇರುವ ಸಿರಪ್ ಆದರೆ 6 ಎಂಎಲ್, 250 ಇರುವುದಾದರೆ 3 ಎಂಎಲ್. ಎಂಎಲ್‌ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್ ಮಾತ್ರ. ‘ಆರು ಎಂಎಲ್’ ಎಂದು ನೀವು ಹೇಳಿ, ತಾಯಿ ಮನೆಯಲ್ಲಿದ್ದ ಡ್ರಾಪ್ಸ್ ಹಾಕಿದರೆ 600 ಮಿಗ್ರಾಂ ಆಯಿತು. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಇರಲಿ. ನೆಗಡಿ ಸಿರಪ್ ಕೂಡ ಕೊಡುತ್ತಿದ್ದಾರಾ ಕೇಳಿ, ಅದರಲ್ಲೂ ಬಹಳ ಸಲ ಪ್ಯಾರಸಿಟಮಾಲ್ ಇರುತ್ತದೆ. ದೊಡ್ಡವರದ್ದೂ ಇದೇ ಕಥೆ: ಡೋಲೊ ಬೇರೆ, ಕ್ಯಾಲ್ಪಾಲ್ ಬೇರೆ ಅಂದುಕೊಂಡು ಎರಡನ್ನೂ ನುಂಗುವವರಿದ್ದಾರೆ.

ಪ್ರಶ್ನೆ: ಹೃದಯದ ಔಷಧ ಡಿಗಾಕ್ಸಿನ್ ಕೊಡುವ ಹೊತ್ತಿಗೆ ಪಲ್ಸ್ 54 ಇತ್ತು. ಕೊಡದೆ ಬಿಟ್ಟೆ. ಬೈಸಿಕೊಂಡೆ.
— ಖಾಸಗಿ ಆಸ್ಪತ್ರೆ, ಬೆಂಗಳೂರು

ನೀವು ಮಾಡಿದ್ದು ಸರಿ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ತಡೆಹಿಡಿದು ಡಾಕ್ಟರಿಗೆ ತಿಳಿಸಬೇಕು. ಮಣಿಕಟ್ಟಿನಲ್ಲಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ; ಎದೆಯ ಮೇಲೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಅದೇ ರೋಗಿಗೆ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಹೋಗುತ್ತಿದ್ದರೆ ಪೊಟ್ಯಾಶಿಯಂ ರಿಪೋರ್ಟ್ ಹುಡುಕಿ, ಅದು ಇಳಿದಾಗ ಡಿಗಾಕ್ಸಿನ್ ವಿಷವಾಗುವುದು ಬೇಗ. ಊಟ ಸೇರುತ್ತಿಲ್ಲ, ವಾಕರಿಕೆ, ಎಲ್ಲ ಹಳದಿಯಾಗಿ ಕಾಣುತ್ತದೆ ಎಂದರೆ ಆಗಲೇ ಹೇಳಿ.

ಬೈಗುಳದ ವಿಷಯಕ್ಕೆ: ‘ಕೊಟ್ಟಿಲ್ಲ’ ಎಂದಷ್ಟೇ ಬರೆದರೆ ಮರೆತಿದ್ದೀರಿ ಎಂದು ಓದಿಕೊಳ್ಳುತ್ತಾರೆ. ಗಂಟೆ, ಪಲ್ಸ್ 54, ಯಾವ ಡಾಕ್ಟರಿಗೆ ತಿಳಿಸಿದಿರಿ, ಅವರು ಏನೆಂದರು, ಇಷ್ಟನ್ನೂ ಕೇಸ್ ಶೀಟ್‌ನಲ್ಲಿ ಬರೆದು ಸಹಿ ಹಾಕಿ. ಅವರು ಫೋನಿನಲ್ಲಿ ಬೇರೆ ಡೋಸ್ ಹೇಳಿದರೆ ಬರೆದುಕೊಂಡು ಅವರಿಗೇ ಓದಿ ಹೇಳಿ. ‘ಫಿಫ್ಟೀನ್’, ‘ಫಿಫ್ಟಿ’ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ‘ಒನ್ ಫೈವ್ ತಾನೇ ಸರ್?’ ಎಂದು ಬಿಡಿಸಿ ಕೇಳಿ, ಬೆಳಿಗ್ಗೆ ರೌಂಡ್ಸ್‌ಗೆ ಬಂದಾಗ ಆ ಆರ್ಡರ್‌ಗೆ ಅವರ ಸಹಿ ಹಾಕಿಸಿಕೊಳ್ಳಿ.