ಸಂಪಾದಕರ ಉತ್ತರ: ಮುಂಗಡ ಯಾವಾಗ ಜೀತವಾಗುತ್ತದೆ?

ಶಿರಸಿಯ ನರ್ಸರಿ ಮಾಲೀಕರೊಬ್ಬರು ಬರೆದಿದ್ದಾರೆ. ಒಂಬತ್ತು ಮಂದಿ ಕೆಲಸಗಾರರು. ಗಿಡ ಮಾರಾಟದ ಜೊತೆಗೆ ಕುಮಟಾ, ಗೋಕರ್ಣದ ಕಡೆ ಮನೆ, ರೆಸಾರ್ಟುಗಳಿಗೆ ಕೈತೋಟ ಮಾಡಿಕೊಡುತ್ತಾರೆ. ಈಗ ಒಂದು ರೆಸಾರ್ಟಿನವರು, ‘ನಮ್ಮಲ್ಲಾಗಲಿ ನಮಗೆ ಮಾಲು ಕೊಡುವವರಲ್ಲಾಗಲಿ ಜೀತವಿಲ್ಲ’ ಎಂದು ಬರೆದು ಸಹಿ ಮಾಡಿಕೊಡಿ ಎನ್ನುತ್ತಿದ್ದಾರಂತೆ. ‘ನಾವು ಯಾರನ್ನೂ ಕಟ್ಟಿಹಾಕಿಲ್ಲ. ಹೊರರಾಜ್ಯದಿಂದ ಮೇಸ್ತ್ರಿ ಕರೆತಂದ ಎರಡು ಗಂಡ-ಹೆಂಡತಿ ಜೋಡಿಗೆ ತಲಾ 40,000 ರೂಪಾಯಿ ಮುಂಗಡ ಕೊಟ್ಟದ್ದು ಹೌದು. ಸಹಿ ಹಾಕಬಹುದೇ?’ ಎಂಬುದು ಅವರ ಪ್ರಶ್ನೆ.

ಇವತ್ತೇ ಹಾಕಬೇಡಿ. ಮುಂಗಡ ಕೊಡುವುದೇ ಅಪರಾಧವಲ್ಲ. ಆದರೆ ಆ ಮುಂಗಡಕ್ಕೆ ಪ್ರತಿಯಾಗಿ ಕೆಲಸಗಾರ ಏನನ್ನು ಬಿಟ್ಟುಕೊಟ್ಟ ಎಂಬುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ನೋಡುತ್ತದೆ: ಕನಿಷ್ಠ ವೇತನವೇ, ಬೇರೆ ಕೆಲಸ ಹಿಡಿಯುವ ಹಕ್ಕೇ, ಬೇಕಾದಲ್ಲಿಗೆ ಹೋಗುವ ಹಕ್ಕೇ, ತನ್ನ ದುಡಿಮೆಯ ಮಾಲನ್ನು ಪೇಟೆ ಧಾರಣೆಗೆ ಮಾರುವ ಹಕ್ಕೇ? ಇವುಗಳಲ್ಲಿ ಒಂದು ಹೋದರೂ ಅದು ಜೀತ. ಬೀಗ, ಹೊಡೆತ ಇರಲೇಬೇಕೆಂದಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಪ್ರಕರಣದಲ್ಲಿ ಹೇಳಿದೆ. ಆ ಜೋಡಿ ನಾಳೆ ಬೆಳಿಗ್ಗೆ ‘ಊರಿಗೆ ಹೊರಟೆವು’ ಎಂದರೆ ಏನಾಗುತ್ತದೆ, ಯೋಚಿಸಿ. ‘ಲೆಕ್ಕ ಚುಕ್ತಾ ಮಾಡಿ ಹೋಗಿ’ ಎಂದು ನೀವೋ ಮೇಸ್ತ್ರಿಯೋ ತಡೆಯುವವರಾದರೆ ಸಹಿಯ ಮಾತೇ ಇಲ್ಲ.

ನಮ್ಮ ಕಡೆ ಈ ಸಾಲ ಬೆಳೆಯುವುದು ಮಳೆಗಾಲದಲ್ಲಿ. ಜೂನ್ ಬಂತೆಂದರೆ ಹಾಸುಗಲ್ಲು, ಹುಲ್ಲುಹಾಸಿನ ಕೆಲಸ ವಾರಗಟ್ಟಲೆ ನಿಲ್ಲುತ್ತದೆ. ಕೂಲಿ ನಿಂತರೂ ಅಕ್ಕಿ, ಎಣ್ಣೆ, ಜ್ವರದ ಔಷಧಿ ಬೇಕೇ ಬೇಕು. ಅದೆಲ್ಲ ಮೇಸ್ತ್ರಿಯ ಚೀಟಿಗೆ ಏರುತ್ತದೆ. ಗಣೇಶ ಚೌತಿಯ ಹೊತ್ತಿಗೆ ಸಾಲ, ಅವರು ಬಂದ ದಿನಕ್ಕಿಂತ ದೊಡ್ಡದಾಗಿರುತ್ತದೆ, ಯಾರೂ ಮೋಸ ಮಾಡದಿದ್ದರೂ. ಇದಕ್ಕೆ ಮೇ ತಿಂಗಳಲ್ಲೇ ತಯಾರಿ ಬೇಕು. ಮಣ್ಣು, ಮರಳು, ಗೊಬ್ಬರವನ್ನು ಒಣಗಿದ್ದಾಗಲೇ ಮಾಡಿನ ಕೆಳಗೆ ಸೇರಿಸಿಕೊಳ್ಳಿ. ಹಸಿಮಣ್ಣು ಸಸಿ ಬೆಳೆಸುವ ಚೀಲಕ್ಕೆ ಇಳಿಯುವುದಿಲ್ಲ, ಅಂಟುತ್ತದೆ. ಆಗ ಮಳೆದಿನಗಳಿಗೆ ಚೀಲ ತುಂಬುವುದು, ಮಾವಿನ ಗೊರಟೆ ಕಸಿ ಮುಂತಾದ ಒಳಗಿನ ಕೆಲಸ ಉಳಿಯುತ್ತದೆ. ಅದೂ ಇಲ್ಲದ ದಿನಕ್ಕೆ ಇಂತಿಷ್ಟು ಎಂದು ಮೊದಲೇ ಮಾತಾಡಿ ಬರೆದಿಡಿ.

ಚೀಲದ ಲೆಕ್ಕದ ಕೂಲಿಯಲ್ಲಿ ಇನ್ನೊಂದು ತೊಡಕಿದೆ. ಸಾಧಾರಣ ವೇಗದವರೊಬ್ಬರು ಒಂದು ಗಂಟೆಯಲ್ಲಿ ಎಷ್ಟು ತುಂಬುತ್ತಾರೆ ಎಂದು ನಿಂತು ಎಣಿಸಿ. 50 ಎಂದುಕೊಳ್ಳಿ, 8 ಗಂಟೆಗೆ 400. ಚೀಲಕ್ಕೆ 90 ಪೈಸೆಯಾದರೆ 360 ರೂಪಾಯಿ. ಅದನ್ನು ಈಗಿನ ಕನಿಷ್ಠ ವೇತನದ ಪಕ್ಕ ಇಟ್ಟು ನೋಡಿ. ಕಡಿಮೆ ಬಿದ್ದರೆ ದರ ಏರಿಸಿ. ಅತಿ ಚುರುಕಿನವರನ್ನು ನೋಡಿ ದರ ಕಟ್ಟಬೇಡಿ. ‘ಜೋಡಿಗೆ ಇಷ್ಟು’ ಎಂಬ ಲೆಕ್ಕವನ್ನಂತೂ ಬಿಟ್ಟೇಬಿಡಿ. ಅದರಲ್ಲಿ ಹೆಂಗಸಿನ ಕೂಲಿ ಕಾಣೆಯಾಗುತ್ತದೆ, ಪಕ್ಕದಲ್ಲಿ ಕೂತು ಚೀಲ ಬಿಡಿಸಿಕೊಡುವ ಮಗುವಿನ ದುಡಿಮೆಯೂ ಅಡಗಿಬಿಡುತ್ತದೆ. ಗಂಡ, ಹೆಂಡತಿ ಇಬ್ಬರಿಗೂ ಬೇರೆ ಬೇರೆ ಖಾತೆ ಇರಲಿ. ಎಟಿಎಂ ಕಾರ್ಡು ಅವರವರ ಕೈಯಲ್ಲೇ ಇರಲಿ. ಆಧಾರ್ ಕಾರ್ಡಿನ ಪ್ರತಿ ತೆಗೆದು ಅಲ್ಲೇ ವಾಪಸು ಕೊಡಿ. ‘ಜೋಪಾನಕ್ಕೆ ಇಟ್ಟುಕೊಂಡಿದ್ದೇವೆ’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ, ಎಲ್ಲ ಕಡೆಯೂ ತಪ್ಪೇ.

ಮುಂಗಡ ಕೊಟ್ಟರೆ ಬಡ್ಡಿಯಿಲ್ಲದೆ, ಬರೆದು, ಅವರ ಭಾಷೆಯಲ್ಲಿ ಓದಿಹೇಳಿ ಕೊಡಿ. ತಿಂಗಳ ಕಡಿತ ಕೂಲಿಯ ಹತ್ತನೇ ಒಂದು ಪಾಲು ದಾಟದಿರಲಿ ಎಂಬುದು ನಮ್ಮ ಸಲಹೆ. ಲೆಕ್ಕದ ಪುಸ್ತಕದ ಒಂದು ಪ್ರತಿ ಅವರ ಬಳಿಯೇ ಇರಬೇಕು. ಜೀತದ ಸಾಲವೆಂದು ದೂರು ಬಂದರೆ, ಅದು ಹಾಗಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವರದೇ. ಮೇಸ್ತ್ರಿಯ ಕಮಿಷನ್ ನೀವೇ ಕೊಡಿ. ಕೂಲಿಯಿಂದ ಮುರಿಯಲು ಬಿಡಬೇಡಿ.

ಇನ್ನು ಮಾಲು ಕೊಡುವವರು. ಎಲ್ಲರನ್ನೂ ಒಂದೇ ತೂಕದಲ್ಲಿ ತಪಾಸಣೆ ಮಾಡಲು ಹೋದರೆ ಯಾರನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಇಟ್ಟಿಗೆ ಭಟ್ಟಿ, ಚಿರೇಕಲ್ಲಿನ ಕ್ವಾರಿ, ರಾಜಸ್ಥಾನದಿಂದ ಬರುವ ಮರಳುಗಲ್ಲು, ಇವು ಮೊದಲು. ಭಟ್ಟಿಯಲ್ಲಿ ಸಾವಿರ ಇಟ್ಟಿಗೆಗೆ ಇಷ್ಟೆಂದು ಇಡೀ ಕುಟುಂಬಕ್ಕೆ ಕೂಲಿ. ಲೆಕ್ಕವಾಗುವುದು ಹಂಗಾಮು ಮುಗಿದ ಮೇಲೆ. ದಾರಿಗೆ ಹಾಸುವ ಚೌಕ ಕಲ್ಲುಗಳನ್ನು ರಾಜಸ್ಥಾನದ ಬೂಂದಿ ಜಿಲ್ಲೆಯ ಬುಧಪುರದಲ್ಲಿ ಮಕ್ಕಳು ಒಡೆಯುವುದು ದಾಖಲಾಗಿದೆ. ಹತ್ತಿರದ ಕ್ವಾರಿಗೆ ಊಟದ ಹೊತ್ತಿಗೆ ಹೋಗಿ, ಮಾಲೀಕರಿಲ್ಲದೆ ಕೆಲಸಗಾರರೊಡನೆ ಮಾತಾಡಿ: ಕೊನೆಯ ಬಟವಾಡೆ ಯಾವಾಗ? ಕಾರ್ಡು ಯಾರ ಬಳಿ? ಕಳೆದ ಸಲ ಊರಿಗೆ ಹೋದದ್ದು ಯಾವಾಗ? ದೂರದ ಕಲ್ಲಿಗೆ ಕ್ವಾರಿಯ ಹೆಸರು ಬಿಲ್ಲಿನಲ್ಲಿ ಬೇಕೆನ್ನಿ. ಕೊಡಲಾಗದಿದ್ದರೆ ಚಿರೇಕಲ್ಲನ್ನೇ ಹಾಸಿ. ನಿಮ್ಮ ಕಡೆಯಿಂದಲೂ ಒಂದು ಬದಲಾಗಬೇಕು: ನಾಲ್ಕು ದಿನದಲ್ಲಿ ಲೋಡು ಬೇಕೆಂದು ಒತ್ತಿ, ಧಾರಣೆಯನ್ನೂ ಮುರಿದರೆ ಆ ಕೊರತೆ ತುಂಬುವವರು ಗುಂಡಿಯಲ್ಲಿರುವ ಕೂಲಿಗಳೇ.

ಜೀತ ಕಂಡರೆ ಸಿಟ್ಟಿನಲ್ಲಿ ಆರ್ಡರ್ ರದ್ದು ಮಾಡಬೇಡಿ. ರಾತ್ರೋರಾತ್ರಿ ಆ ಕುಟುಂಬವನ್ನು ಬಾಕಿ ಕೊಡದೆ ಸಾಗಿಸಿಬಿಡುತ್ತಾರೆ. ಮೊದಲು ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಲಿಖಿತವಾಗಿ ತಿಳಿಸಿ. ನಮ್ಮ ಜಿಲ್ಲೆಯ ಉಪವಿಭಾಗಗಳು ಕಾರವಾರ, ಕುಮಟಾ, ಶಿರಸಿ, ಭಟ್ಕಳದಲ್ಲಿವೆ. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಜೀತದಿಂದ ಬಿಡುಗಡೆಯಾದ ಬಗ್ಗೆ ಅಧಿಕಾರಿ ಕೊಡುವ ಬಿಡುಗಡೆ ಪತ್ರ ಆ ಕೆಲಸಗಾರರ ಕೈಗೆ ಬರುವಂತೆ ನೋಡಿಕೊಳ್ಳಿ, ಪುನರ್ವಸತಿಗೆ ಅದು ಬೇಕು. ಜೀತದ ಸಾಲವನ್ನು ಕಾಯ್ದೆಯೇ ರದ್ದು ಮಾಡಿದೆ, ಅದನ್ನು ಯಾರೂ ವಸೂಲು ಮಾಡುವಂತಿಲ್ಲ.

ರೆಸಾರ್ಟಿನವರಿಗೆ ‘ಇಲ್ಲ’ ಎಂಬ ಒಂದು ಸಾಲಿನ ಬದಲು ಹೀಗೆ ಬರೆದುಕೊಡಿ: ಇಂಥ ದಿನ ಇಂಥ ಕಡೆ ನೋಡಿದೆವು, ಇದು ಸರಿಯಿರಲಿಲ್ಲ, ಹೀಗೆ ಸರಿಪಡಿಸಿದೆವು, ಇಷ್ಟು ಕಡೆ ಇನ್ನೂ ನೋಡಬೇಕಿದೆ. ಅದಕ್ಕೂ ಮೊದಲು ಆ ಎರಡು ಜೋಡಿಯನ್ನು ಮೇಸ್ತ್ರಿಯಿಲ್ಲದ ಹೊತ್ತಿನಲ್ಲಿ ಕೂರಿಸಿಕೊಂಡು, ಸಾಲ ಬಾಕಿಯಿದ್ದರೂ ಹೊರಡಲು ನೀವು ಸ್ವತಂತ್ರರು ಎಂದು ಅವರ ಭಾಷೆ ಬಲ್ಲವರಿಂದ ಹೇಳಿಸಿ, ಅದನ್ನು ಕಾಗದದಲ್ಲೂ ಬರೆದುಕೊಡಿ.