ಬೆರಳಿಗೆ ಕಲಿಸಿದ್ದನ್ನು ಪ್ರಶ್ನಾವಳಿಯಿಂದ ಅಳೆಯಲಾಗದು

ಮಾನ್ಯ ಲೇಖಕಿಯವರಿಗೆ ನಮಸ್ಕಾರ.

ಮಹಿಳೆಯರಿಗೆ ಸ್ತನ ಸ್ವಯಂ ಪರೀಕ್ಷೆಯನ್ನು ಕಲಿಸುವ ಮೂರು ಕ್ರಮಗಳನ್ನು, ಅಂದರೆ ಕರಪತ್ರ ಹಂಚುವುದು, ವಿಡಿಯೊ ತೋರಿಸುವುದು ಮತ್ತು ಸ್ತನದ ಸಿಲಿಕೋನ್ ಮಾದರಿಯ ಮೇಲೆ ಅಭ್ಯಾಸ ಮಾಡಿಸುವುದನ್ನು ಹೋಲಿಸಿ ತಾವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಈ ವಿಷಯವನ್ನು ತಾವು ಕೈಬಿಡಬಾರದೆಂಬ ಕಾಳಜಿಯಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ತರಬೇತಿಯ ಮರುದಿನ ಕೊಟ್ಟ ಪ್ರಶ್ನಾವಳಿಗೆ ಹೆಚ್ಚು ಸರಿಯುತ್ತರಗಳು ಬಂದವೆಂಬ ಕಾರಣಕ್ಕೆ ವಿಡಿಯೊವೇ ಉತ್ತಮವೆಂದು ತೀರ್ಮಾನಿಸಿದ್ದೀರಿ. ಪ್ರಶ್ನಾವಳಿ ಅಳೆಯುವುದು ನೆನಪನ್ನು. ಗಂಟು ಹುಡುಕುವ ಈ ಸ್ವಯಂ ಪರೀಕ್ಷೆಯೋ ಬೆರಳುಗಳ ಕೆಲಸ. ನಡುವಿನ ಮೂರು ಬೆರಳುಗಳ ಉಗುರುತುದಿಯಿಂದಲ್ಲ, ಮೆತ್ತನೆಯ ಒಳಮೈಯಿಂದ, ಪ್ರತಿ ಜಾಗದಲ್ಲೂ ಮೊದಲು ಹಗುರವಾಗಿ, ಆಮೇಲೆ ತುಸು ಒತ್ತಿ, ಕೊನೆಗೆ ಪಕ್ಕೆಲುಬು ತಿಳಿಯುವಷ್ಟು ಒತ್ತಿ, ಕಂಕುಳಿನಿಂದ ಎದೆಯ ನಡುಮೂಳೆಯವರೆಗೆ ನೇಗಿಲ ಸಾಲಿನಂತೆ ಮೇಲೆ ಕೆಳಗೆ ಸಾಗುತ್ತಾ ಎಲ್ಲಿಯೂ ಎಡೆ ಬಿಡದೆ ಮುಟ್ಟಿ ನೋಡಬೇಕು. ಎಷ್ಟು ಒತ್ತಬೇಕೆಂಬುದನ್ನು ಕರಪತ್ರ ಹೇಳಬಲ್ಲದು, ವಿಡಿಯೊ ತೋರಿಸಬಲ್ಲದು, ಆದರೆ ಬೆರಳಿಗೆ ಅದು ಗೊತ್ತಾಗುವುದು ಮುಟ್ಟಿದಾಗಲೇ. ಫ್ಲಾರಿಡಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹೆನ್ರಿ ಪೆನ್ನಿಪ್ಯಾಕರ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಗಂಟುಗಳನ್ನು ಹುದುಗಿಸಿದ ಸಿಲಿಕೋನ್ ಮಾದರಿಗಳನ್ನು ರೂಪಿಸಿದ್ದು ಸ್ಪರ್ಶಕ್ಕೇ ತರಬೇತಿ ಕೊಡಬೇಕೆಂಬ ಈ ಕಾರಣದಿಂದ. ಆದ್ದರಿಂದ ಮೂರೂ ಗುಂಪಿನವರ ಕೈಗೆ ಒಂದೇ ಮಾದರಿಯನ್ನು ಕೊಟ್ಟು, ಯಾರು ಎಷ್ಟು ಗಂಟುಗಳನ್ನು ಗುರುತಿಸಿದರು ಎಂದು ನೋಡಬೇಕಿತ್ತು. ಅಷ್ಟೇ ಮುಖ್ಯವಾಗಿ, ಇಲ್ಲದ ಗಂಟನ್ನು ಇದೆ ಎಂದವರೆಷ್ಟು ಎಂಬುದನ್ನೂ ಎಣಿಸಬೇಕಿತ್ತು, ಏಕೆಂದರೆ ಹುಡುಕುವ ಉತ್ಸಾಹ ಹೆಚ್ಚಿದಂತೆ ಈ ತಪ್ಪೂ ಹೆಚ್ಚಬಲ್ಲದು. ಕೆಲವು ತಿಂಗಳ ಬಳಿಕ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡದಿದ್ದರೆ ಕಲಿಕೆ ಉಳಿಯಿತೇ ಎಂಬುದೂ ತಿಳಿಯದು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪ್ರತಿ ತಿಂಗಳು ತಪ್ಪದೆ ಹೀಗೆ ಪರೀಕ್ಷಿಸಿಕೊಂಡರೆ ಪ್ರಾಣ ಉಳಿಯುತ್ತದೆಂಬುದನ್ನು ತಾವು ಸಿದ್ಧಸತ್ಯದಂತೆ ಬರೆದಿದ್ದೀರಿ. ಚೀನಾದ ಶಾಂಘೈಯಲ್ಲಿ 519 ಜವಳಿ ಕಾರ್ಖಾನೆಗಳ ಸುಮಾರು 2,66,000 ಮಹಿಳೆಯರನ್ನು 1989ರಿಂದ 1991ರ ಅವಧಿಯಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾದರಿಗಳ ಮೇಲೆ ಕಲಿಸಿ, ಪಾಠವನ್ನು ಮತ್ತೆ ಮತ್ತೆ ನೆನಪಿಸಿ, ಐದು ವರ್ಷ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಿಸಲಾಯಿತು. ಬೋಧನೆಯಲ್ಲಿ ಲೋಪವಿರಲಿಲ್ಲ, ಕಲಿತವರು ಮಾದರಿಯಲ್ಲಿ ಗಂಟುಗಳನ್ನು ಚೆನ್ನಾಗಿಯೇ ಗುರುತಿಸಿದರು. ಆದರೂ 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸ್ತನ ಕ್ಯಾನ್ಸರಿನಿಂದಾದ ಸಾವುಗಳು ಕಲಿತ ಗುಂಪಿನಲ್ಲಿ 135, ಕಲಿಯದ ಗುಂಪಿನಲ್ಲಿ 131. ಕ್ಯಾನ್ಸರ್ ಅಲ್ಲದ ಗಂಟುಗಳಿಗಾಗಿ ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆ, ಮಾಡಿಸಿಕೊಂಡವರು ಮಾತ್ರ ಕಲಿತ ಗುಂಪಿನಲ್ಲಿ ಹೆಚ್ಚು. ರೋಗ ತಡೆಯ ಬಗ್ಗೆ ಸಲಹೆ ನೀಡುವ ಅಮೆರಿಕದ ತಜ್ಞರ ಕಾರ್ಯಪಡೆಯು 2009ರಲ್ಲಿ ಈ ಪರೀಕ್ಷೆಯನ್ನು ಕಲಿಸುವುದರ ವಿರುದ್ಧವೇ ಶಿಫಾರಸು ಮಾಡಿತು. ಇದೊಂದನ್ನೂ ಹೇಳದೆ ಯಾವ ಬೋಧನಾ ಕ್ರಮ ಮೇಲು ಎಂದು ಚರ್ಚಿಸಿದರೆ ಓದುಗರಿಗೆ ಅನ್ಯಾಯವಾಗುತ್ತದೆ.

ಹಾಗಾದರೆ ಕಲಿಸುವುದೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಗಂಟನ್ನು ಮೊದಲು ಗಮನಿಸುವುದು ಎಷ್ಟೋ ಬಾರಿ ಆ ಮಹಿಳೆಯೇ. ತನ್ನ ಸ್ತನದ ಸಹಜ ರೂಪವನ್ನು ಅರಿತಿರುವುದು, ಹೊಸ ಗಂಟು, ಚರ್ಮದ ಕುಳಿ, ಒಳಗೆ ಸೆಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗುವುದು, ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲವೆಂದು ತಿಳಿದಿರುವುದು: ನನ್ನ ದೃಷ್ಟಿಯಲ್ಲಿ ಕಲಿಸಬೇಕಾದದ್ದು ಇದನ್ನು, ಹೋಲಿಕೆ ನಡೆಯಬೇಕಾದದ್ದೂ ಇದರಲ್ಲಿ. ಲೇಖನದ ಆರಂಭದಲ್ಲಿ ಭಯ ಹುಟ್ಟಿಸುವ ಎರಡು ಪುಟಗಳನ್ನು ತೆಗೆದುಹಾಕಿ. ಹೆದರಿದವರು ಪರೀಕ್ಷೆಯನ್ನೂ ವೈದ್ಯರನ್ನೂ ದೂರವಿಡಬಹುದು.

ಲೇಖನದ ಒಂದು ಸಾಲು ಮಾತ್ರ ನನ್ನನ್ನು ಬಿಟ್ಟಿಲ್ಲ. ಮಾದರಿಯಲ್ಲಿ ಗಂಟನ್ನು ಸರಿಯಾಗಿ ಗುರುತಿಸಿದ ಮಹಿಳೆಯೊಬ್ಬರು, "ನನಗೇ ಸಿಕ್ಕರೆ ಯಾರ ಹತ್ತಿರ ಹೇಳಲಿ?" ಎಂದು ಕೇಳಿದರೆಂದು ಬರೆದು ಮುಂದೆ ಸಾಗಿಬಿಟ್ಟಿದ್ದೀರಿ. ತರಬೇತಿ ಕೊಟ್ಟವರು ಏನು ಉತ್ತರಿಸಿದರು? ಅದನ್ನು ವಿಚಾರಿಸಿ, ಅಲ್ಲಿಂದಲೇ ಲೇಖನವನ್ನು ಆರಂಭಿಸಿ ಮತ್ತೆ ಕಳುಹಿಸಿ. ಖಂಡಿತ ಓದುತ್ತೇನೆ.

ಸಂಪಾದಕ